ಒಂದೇ ಹಲ್ಲು, ಎರಡು ತೀರ್ಪು: ದಂತಚಿಕಿತ್ಸೆಯಲ್ಲಿ ಜನಾಂಗಭಾವನೆ ಮತ್ತು ಭಟ್ಕಳ-ಹೊನ್ನಾವರ-ಕುಮಟಾ ಕರಾವಳಿಯ ಚರಿತ್ರೆ

೧

ಹುಳುಕು ಆಳಕ್ಕಿಳಿದು ಒಳಗಿನ ತಿರುಳನ್ನು ಮುಟ್ಟಿದ ದವಡೆಹಲ್ಲಿಗೆ ದಂತವೈದ್ಯದಲ್ಲಿ ಮುಖ್ಯವಾಗಿ ಎರಡು ದಾರಿಗಳುಂಟು. ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುದ್ಧಗೊಳಿಸಿ ತುಂಬಿ, ಮೇಲೆ ಕವಚವನ್ನು ಕೂರಿಸಿ ಹಲ್ಲನ್ನು ಉಳಿಸಿಕೊಳ್ಳುವುದು ಒಂದು. ಜನರು ಇದನ್ನು ರೂಟ್ ಕೆನಾಲ್ ಎಂದು ಕರೆಯುತ್ತಾರೆ. ಹಲ್ಲನ್ನು ಕಿತ್ತುಹಾಕುವುದು ಇನ್ನೊಂದು. ಮೊದಲನೆಯದಕ್ಕೆ ವೇಳೆ ಹೆಚ್ಚು, ವೆಚ್ಚ ಹೆಚ್ಚು. ರೋಗಿಯು ಹಲವು ಸಲ ಬರಬೇಕಾಗುವುದೂ ಉಂಟು. ಎರಡನೆಯದು ಒಂದೇ ದಿನದಲ್ಲಿ ಮುಗಿಯುತ್ತದೆ. ಯಾವ ಹಲ್ಲು ಉಳಿಸಲು ತಕ್ಕದ್ದು, ಯಾವುದು ಅಲ್ಲ ಎಂಬ ನಿರ್ಣಯವು ಹಲ್ಲಿನ ಸ್ಥಿತಿಯನ್ನು ಅನುಸರಿಸಿ ಆಗತಕ್ಕದ್ದು. ಹಲ್ಲಿನ ಒಡೆಯನ ಕುಲವನ್ನು ಅನುಸರಿಸಿ ಅಲ್ಲ.

ಇದು ಶಾಸ್ತ್ರದ ಮಾತು. ರೂಢಿ ಹೀಗೆಯೇ ಇದೆಯೆ ಎಂಬುದನ್ನು ಕೆಲವು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ೨೦೦೫ರಲ್ಲಿ ಪ್ರಕಟವಾದ ಬ್ರೆಜಿಲ್ ದೇಶದ ಒಂದು ಅಧ್ಯಯನದಲ್ಲಿ ದಂತವೈದ್ಯರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಒಂದೇ ಹುಳುಕು ಹಲ್ಲಿನ ವಿವರವನ್ನು ಕೊಟ್ಟು, ರೋಗಿಯ ಭಾವಚಿತ್ರವನ್ನು ಮಾತ್ರ ಬೇರೆ ಮಾಡಲಾಯಿತು: ಒಂದು ಗುಂಪಿಗೆ ಬಿಳಿಯ ರೋಗಿ, ಇನ್ನೊಂದಕ್ಕೆ ಕರಿಯ ರೋಗಿ. ಕರಿಯ ರೋಗಿಯ ಹಲ್ಲನ್ನು ಕೀಳಬೇಕೆಂದವರ ಪ್ರಮಾಣವೇ ಹೆಚ್ಚಾಗಿತ್ತು. ೨೦೧೯ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ೫೭ ಮಂದಿ ದಂತವೈದ್ಯರು ಪಾಲ್ಗೊಂಡಿದ್ದರು. ಅಲ್ಲಿಯೂ ಫಲಿತಾಂಶದ ದಿಕ್ಕು ಒಂದೇ: ಬಿಳಿಯ ರೋಗಿಗೆ ಹಲ್ಲನ್ನು ಉಳಿಸುವ ಚಿಕಿತ್ಸೆಯನ್ನೂ ಕರಿಯ ರೋಗಿಗೆ ಕೀಳುವುದನ್ನೂ ಸೂಚಿಸುವ ಒಲವು ಕಂಡುಬಂದಿತು. ಈ ವೈದ್ಯರು ಕ್ರೂರಿಗಳೆಂದಾಗಲಿ, ಬೇಕೆಂದೇ ಭೇದವೆಣಿಸಿದರೆಂದಾಗಲಿ ಯಾರೂ ಹೇಳಲಿಲ್ಲ. ತಮಗೆ ಅರಿವಿಲ್ಲದಂತೆಯೇ ಅವರು ಹಲ್ಲನ್ನು ನೋಡುವ ಮುನ್ನ ಮುಖವನ್ನು ನೋಡಿದ್ದರು.

ವೈದ್ಯರ ಈ ವಿಷಯ ಇತಿಹಾಸದ ಅಭ್ಯಾಸಿಗಳಿಗೆ ಏಕೆ ಬೇಕು ಎಂದು ವಾಚಕರು ಕೇಳಬಹುದು. ಮುಖವನ್ನು ನೋಡಿದೊಡನೆ ಗುಣವನ್ನು ಊಹಿಸುವ ಅಭ್ಯಾಸ ಯಾರಿಗೂ ಹುಟ್ಟಿನಿಂದ ಬಂದುದಲ್ಲ. ಅದು ಕಲಿತದ್ದು, ಮತ್ತು ಒಂದೊಂದು ನಾಡಿನಲ್ಲಿ ಒಂದೊಂದು ಬಗೆಯಾಗಿ ಕಲಿತದ್ದು. ಬ್ರೆಜಿಲ್ಲಿನಲ್ಲಿ ಅದರ ಹಿಂದೆ ತೋಟಗಳ ಗುಲಾಮಗಿರಿಯ ಚರಿತ್ರೆ ಇದೆ. ನಮ್ಮಲ್ಲಿ ಅದರ ಹಿಂದೆ ಯಾವ ಚರಿತ್ರೆ ಇದೆ? ಈ ಪ್ರಶ್ನೆಯನ್ನು ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಬಂದರುಗಳ ಕರಾವಳಿಯನ್ನೂ ಅದರ ಬೆನ್ನಿಗಿರುವ ಘಟ್ಟದ ಸೀಮೆಯನ್ನೂ ಕಣ್ಣಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ ಜನಾಂಗ ಎಂಬ ಶಬ್ದಕ್ಕೆ ಎರಡು ಬಳಕೆಗಳಿವೆ. ಪಠ್ಯಪುಸ್ತಕಗಳಲ್ಲಿ ಅದು ಮೈಬಣ್ಣ, ತಲೆಯ ಆಕಾರ, ಕೂದಲು ಮೊದಲಾದವುಗಳಿಂದ ಮಾನವಕುಲವನ್ನು ವಿಂಗಡಿಸಿದ ಭಾಗವನ್ನು ಸೂಚಿಸುತ್ತಿತ್ತು. ದಿನಬಳಕೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಅದು ಜಾತಿಗೆ ಮರ್ಯಾದೆಯ ಹೆಸರು. ಇಂಥ ಜನಾಂಗದ ಸಭೆ, ಇಂಥ ಜನಾಂಗದ ಮುಖಂಡರು ಎಂದು ನಾವು ಓದುತ್ತಲೇ ಇದ್ದೇವೆ. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳು ಕೂಡಿಕೊಂಡಿರುವುದು ಆಕಸ್ಮಿಕವೆನ್ನಲು ಮನಸ್ಸು ಒಪ್ಪದು. ಮೈಯಲ್ಲಿ ಕಾಣುವ ಗುರುತನ್ನೂ ಹುಟ್ಟಿನಿಂದ ಬಂದ ಸ್ಥಾನವನ್ನೂ ನಾವು ಬೆರೆಸಿಯೇ ಎಣಿಸುತ್ತ ಬಂದಿದ್ದೇವೆ. ಆದುದರಿಂದ ವರ್ಣಭೇದವು ಹೊರದೇಶದ ರೋಗ, ಜಾತಿಭೇದವು ನಮ್ಮ ಮನೆಯ ಮಾತು ಎಂದು ಬೇರ್ಪಡಿಸಿ ಕೈತೊಳೆದುಕೊಳ್ಳುವಂತಿಲ್ಲ.

ಈ ಕರಾವಳಿಯಲ್ಲಂತೂ ಅಂಥ ವಿಂಗಡಣೆ ನಿಲ್ಲುವುದೇ ಕಷ್ಟ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತನು ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ೧೩, ಗಂಡುಮಕ್ಕಳಿಗೆ ೨೩ ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಭಟ್ಕಳವು ವಿಜಯನಗರದ ಅರಸರಿಗೆ ಕಡಲಾಚೆಯ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲೊಂದು. ಅರಬ ಮತ್ತು ಪಾರಸಿಕ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ನವಾಯತರು ಕೊಂಕಣಿಗೆ ಹತ್ತಿರವಾದ ತಮ್ಮದೇ ನುಡಿಯನ್ನು ಅಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿದ್ದುದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತ್ತು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಖಾರ್ವಿಗಳು, ಮೊಗೇರರು, ಮುಕ್ರಿಗಳು, ಗೊಂಡರು, ಹವ್ಯಕರು, ಸಾರಸ್ವತರು, ನವಾಯತರು, ಕ್ರೈಸ್ತರು, ಇವರೆಲ್ಲ ನೆರೆಹೊರೆಯಾಗಿ ಬಾಳಿದ ಸೀಮೆ ಇದು. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಲ್ಲಿಯೂ ಅಂಕೋಲೆಯ ಕೆಲವು ಭಾಗಗಳಲ್ಲಿಯೂ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರು ಆಫ್ರಿಕದ ಪೂರ್ವತೀರದಿಂದ ಬಂದವರು. ಅವರಲ್ಲಿ ಬಹುಮಂದಿ ಗೋವೆಯ ಪೋರ್ಚುಗೀಸರ ಗುಲಾಮಗಿರಿಯನ್ನು ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯೆಂದು ತಿಳಿಯಲಾಗಿದೆ. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ.

ಇಂಥ ಸೀಮೆಯಲ್ಲಿ ಮೈಬಣ್ಣವೊಂದೇ ಗುರುತಾಗಿ ಸಾಲದು. ಹೆಸರು, ಮಾತಿನ ಧಾಟಿ, ಉಡಿಗೆ, ಕೊರಳ ಮಣಿಸರ, ಬುರುಕಿ, ಜನಿವಾರ, ಇವೆಲ್ಲವೂ ಆ ಕೆಲಸ ಮಾಡುತ್ತವೆ. ದಂತವೈದ್ಯನ ಮುಂದೆ ಇವುಗಳ ಜೊತೆಗೆ ಮತ್ತೊಂದು ಗುರುತು ಸೇರುತ್ತದೆ. ಅದು ಹಲ್ಲಿನ ಮೇಲಿನ ಕವಳದ ಕಲೆ.

೩

ಈ ಗುರುತುಗಳನ್ನು ಓದುವ ಅಭ್ಯಾಸ ಹಳೆಯದು. ಆದರೆ ಅದಕ್ಕೆ ಶಾಸ್ತ್ರದ ವೇಷ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೭೯೯ರ ತರುವಾಯ ಮದ್ರಾಸಿನ ಆಡಳಿತಕ್ಕೆ ಸೇರಿದ ಕನ್ನಡ ಜಿಲ್ಲೆಯ ಉತ್ತರಭಾಗವು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆ ಆಧಿಪತ್ಯದ ಜಿಲ್ಲೆಗಳನ್ನು ಕುರಿತ ಗ್ಯಾಸೆಟಿಯರುಗಳು ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಹೊರಬಂದುವು. ಕನ್ನಡ ಜಿಲ್ಲೆಗೆ ಮೀಸಲಾದ ಹದಿನೈದನೆಯ ಸಂಪುಟವು ಎರಡು ಭಾಗಗಳಲ್ಲಿ ೧೮೮೩ರಲ್ಲಿ ಪ್ರಕಟವಾಯಿತು. ನಮ್ಮ ಕರಾವಳಿಯ ಕೃಷಿ, ವ್ಯಾಪಾರ, ಬಂದರುಗಳನ್ನು ಕುರಿತು ಕೆಲಸಮಾಡುವ ಯಾವ ಅಭ್ಯಾಸಿಯೂ ಈ ಗ್ರಂಥವನ್ನು ಬಿಟ್ಟು ಮುಂದೆ ಹೋಗಲಾರನು. ಅದರ ಉಪಕಾರವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ.

ಆದರೆ ಅದರಲ್ಲಿ ಜನರನ್ನು ವರ್ಣಿಸಿದ ಕ್ರಮವನ್ನು ಗಮನಿಸಬೇಕು. ಒಂದೊಂದು ಜಾತಿಗೆ ಒಂದೊಂದು ಕಂಡಿಕೆ. ಅದರಲ್ಲಿ ಸಂಖ್ಯೆ, ನೆಲೆ, ಮೈಬಣ್ಣ, ಮೈಕಟ್ಟು, ಮನೆ, ಊಟ, ಉಡಿಗೆಗಳ ಸಾಲಿನಲ್ಲಿಯೇ ಸ್ವಭಾವವೂ ಬರುತ್ತದೆ: ಇವರು ದುಡಿಮೆಗಾರರು, ಇವರು ದುಂದುಗಾರರು, ಇವರು ಶುಚಿ, ಇವರು ಕೊಳಕು, ಇವರು ಕುಡಿಯುವವರು ಎಂಬ ಮಾದರಿಯ ತೀರ್ಮಾನಗಳು. ಗುಡಿಸಲಿನ ಅಳತೆಯಂತೆಯೇ ಗುಣವೂ ಎಣಿಸಿ ಬರೆಯಬಹುದಾದ ಸಂಗತಿಯೆಂಬ ಭಾವನೆ ಇದರ ಹಿಂದೆ ಇದೆ. ಸಾವಿರಾರು ಮಂದಿಯ ಬಾಳು ಒಂದು ವಿಶೇಷಣದಲ್ಲಿ ಮುಗಿಯುತ್ತದೆ.

೧೯೦೧ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಮೂಗಿನ ಉದ್ದಗಲಗಳನ್ನು ಅಳೆದು, ಆ ಅಳತೆಗೂ ಜಾತಿಯ ಮೇಲುಕೀಳಿಗೂ ಸಂಬಂಧವಿದೆಯೆಂದು ಅವನು ವಾದಿಸಿದನು. ಈ ವಿಚಾರಗಳನ್ನೊಳಗೊಂಡ ಅವನ ಗ್ರಂಥ ೧೯೦೮ರಲ್ಲಿ ಪ್ರಕಟವಾಯಿತು. ಮುಂಬಯಿ ಆಧಿಪತ್ಯದಲ್ಲಿ ಇದೇ ಕಾಲದ ಜನಾಂಗ ಸಮೀಕ್ಷೆಯ ಫಲವಾಗಿ ಎಂಥೊವೆನ್‌ನ ಮೂರು ಸಂಪುಟಗಳು ೧೯೨೦ರಿಂದ ೧೯೨೨ರ ಅವಧಿಯಲ್ಲಿ ಬಂದುವು. ರಿಸ್ಲೆಯ ವಾದವನ್ನು ನಮ್ಮವರೇ ಪರೀಕ್ಷಿಸಿದರು. ೧೯೩೨ರಲ್ಲಿ ಗೋವಿಂದ ಸದಾಶಿವ ಘುರ್ಯೆಯವರು ತಮ್ಮ ಗ್ರಂಥದಲ್ಲಿ, ಜಾತಿಯ ಶ್ರೇಣಿಗೂ ಮೂಗಿನ ಅಳತೆಗೂ ಇರುವ ಹೊಂದಾಣಿಕೆ ಉತ್ತರ ಹಿಂದೂಸ್ತಾನದ ಹೊರಗೆ ನಿಲ್ಲುವುದಿಲ್ಲವೆಂದು ತೋರಿಸಿಕೊಟ್ಟರು.

ವಾದವು ಬಿದ್ದಿತು, ಅಭ್ಯಾಸವು ಉಳಿಯಿತು. ಇಂದಿನ ಯಾವ ವೈದ್ಯನೂ ಗ್ಯಾಸೆಟಿಯರನ್ನು ಓದಿ ಚಿಕಿತ್ಸೆ ಮಾಡುವುದಿಲ್ಲ. ಆದರೆ ಆ ಜನ ಹಾಗೆಯೇ ಎಂಬ ಮಾತು ನಮ್ಮ ಜಗುಲಿಗಳಲ್ಲಿಯೂ ಬಸ್ಸುಗಳಲ್ಲಿಯೂ ಕೇಳಿಬರುವಾಗ, ಗ್ಯಾಸೆಟಿಯರಿನ ವಾಕ್ಯವೇ ನಾಲಿಗೆಯ ಮೇಲೆ ಕುಳಿತಂತೆ ಕಾಣುತ್ತದೆ. ಗ್ರಂಥವು ಆ ಮಾತನ್ನು ಜಗುಲಿಯಿಂದಲೇ ಎತ್ತಿಕೊಂಡಿತೋ, ಜಗುಲಿಯು ಗ್ರಂಥದಿಂದ ಬಲಪಡೆಯಿತೋ? ಪ್ರಾಯಶಃ ಎರಡೂ ನಡೆದಿರಬೇಕು.

೪

ಚಿಕಿತ್ಸೆಯಲ್ಲಿ ಭೇದವು ಮೊದಲು ಕಾಣಿಸಿಕೊಳ್ಳುವುದು ಬಾಗಿಲಿನಲ್ಲಿ. ಒಳಗೆ ಬಿಡುವುದೋ ಬೇಡವೋ, ಮುಟ್ಟುವುದೋ ಬೇಡವೋ ಎಂಬಲ್ಲಿ. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಒಂದೊಂದು ಸಮುದಾಯವೂ ತನ್ನ ರೋಗಿಗಳಿಗೆ ತನ್ನದೇ ಆಸ್ಪತ್ರೆಯನ್ನು ತೆರೆಯಲು ಸರಕಾರವು ಸಮ್ಮತಿಸಬೇಕಾಯಿತು. ಜನರ ಭಯವನ್ನು ತಗ್ಗಿಸಲು ಇದು ಉಪಾಯವಾಗಿರಬಹುದು. ಆದರೆ ರೋಗಕ್ಕಿಲ್ಲದ ಜಾತಿಯು ರೋಗಿಯ ಹಾಸಿಗೆಗೆ ಬಂದದ್ದು ಅದರಿಂದ ಸ್ಪಷ್ಟವಾಗುತ್ತದೆ.

ಹಣವಿದ್ದವರು ತಮ್ಮ ಆಸ್ಪತ್ರೆ ಕಟ್ಟಿಕೊಂಡರು. ಹಣವೂ ಸ್ಥಾನವೂ ಇಲ್ಲದವರ ಪಾಡೇನಾಗಿತ್ತೆಂಬುದಕ್ಕೆ ಗಾಂಧೀಜಿಯವರ ಯಂಗ್ ಇಂಡಿಯಾ ಪತ್ರಿಕೆಯ ೧೯೨೯ರ ಡಿಸೆಂಬರ್ ೧೨ರ ಸಂಚಿಕೆಯಲ್ಲಿ ಒಂದು ಸಾಕ್ಷ್ಯವಿದೆ. ಅಂಬೇಡ್ಕರರು ಮುಂದೆ ಅದನ್ನು ತಮ್ಮ ಬರಹದಲ್ಲಿ ಎತ್ತಿಕೊಂಡರು. ಕಾಠಿಯಾವಾಡದ ಅಸ್ಪೃಶ್ಯ ಶಾಲಾಶಿಕ್ಷಕನೊಬ್ಬನ ಹೆಂಡತಿ ಬಾಣಂತಿಯಾಗಿದ್ದು ಕಾಯಿಲೆ ಬಿದ್ದಳು. ಕೇರಿಯೊಳಗೆ ಬರಲು ವೈದ್ಯನು ಒಪ್ಪಲಿಲ್ಲ. ಬಾಣಂತಿಯನ್ನೂ ಹಸುಗೂಸನ್ನೂ ಕೇರಿಯ ಹೊರಗೆ ತರಬೇಕಾಯಿತು. ವೈದ್ಯನು ಜ್ವರಮಾಪಕವನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟನು. ಅವನು ಅದನ್ನು ಗಂಡನ ಕೈಗೆ ಕೊಟ್ಟನು. ಗಂಡನು ಹೆಂಡತಿಗೆ ಇಟ್ಟು ನೋಡಿ, ಬಂದ ದಾರಿಯಲ್ಲಿಯೇ ಹಿಂದಿರುಗಿಸಿದನು. ದೀಪದ ಬೆಳಕಿನಲ್ಲಿ ಅದನ್ನು ನೋಡಿ ವೈದ್ಯನು ಶ್ವಾಸಕೋಶದ ಉರಿಯೂತವೆಂದು ಹೇಳಿ, ಎರಡು ರೂಪಾಯಿ ಪಡೆದು ಹೋದನು. ಮರಳಿ ಬರಲಿಲ್ಲ. ರೋಗಿ ಬದುಕಲಿಲ್ಲ.

ಕಾಠಿಯಾವಾಡದ ಈ ಘಟನೆಯನ್ನು ಇಲ್ಲಿ ಹೇಳಲು ಕಾರಣವಿದೆ. ವೈದ್ಯನು ಚಿಕಿತ್ಸೆಯನ್ನು ಪೂರ್ತಿಯಾಗಿ ನಿರಾಕರಿಸಲಿಲ್ಲ. ಒಂದು ಬಗೆಯ ಚಿಕಿತ್ಸೆಯನ್ನು ಕೊಟ್ಟನು. ಮುಟ್ಟಿ ನೋಡದೆ, ಎದೆಗೆ ಕಿವಿಗೊಡದೆ, ಇನ್ನೊಮ್ಮೆ ಬರುವ ಹೊಣೆ ಹೊರದೆ ಕೊಟ್ಟ ಚಿಕಿತ್ಸೆ ಅದು. ಭೇದವು ಬಾಗಿಲನ್ನು ದಾಟಿ ನಿರ್ಣಯದೊಳಗೆ ಬಂದುದನ್ನು ನಾವು ಇಲ್ಲಿಯೇ ಕಾಣಬಹುದು.

ಸ್ವಾತಂತ್ರ್ಯಾನಂತರದ ಕಾಯದೆಯು ಬಾಗಿಲಿನ ಭೇದವನ್ನು ನೇರವಾಗಿ ಎದುರಿಸಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯದೆಯ ೫ನೆಯ ಪ್ರಕರಣವು ಅಸ್ಪೃಶ್ಯತೆಯ ಕಾರಣದಿಂದ ಆಸ್ಪತ್ರೆ, ಔಷಧಾಲಯಗಳಲ್ಲಿ ಪ್ರವೇಶ ನಿರಾಕರಿಸುವುದನ್ನು ಶಿಕ್ಷಾರ್ಹ ಮಾಡಿತು. ೧೯೭೬ರಲ್ಲಿ ಈ ಕಾಯದೆಯು ತಿದ್ದುಪಡಿ ಹೊಂದಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯದೆಯೆಂಬ ಹೆಸರನ್ನು ಪಡೆಯಿತು. ಇದು ದೊಡ್ಡ ಸಾಧನೆ. ಆದರೂ ಕಾಯದೆಯು ಹಿಡಿಯಬಲ್ಲದ್ದು ನಿರಾಕರಣೆಯನ್ನು. ಒಳಗೆ ಬಿಟ್ಟಮೇಲೆ ಕೊಟ್ಟ ಕಡಿಮೆ ವೇಳೆಯನ್ನು, ಕಡಿಮೆ ವಿವರಣೆಯನ್ನು, ಕಡಿಮೆ ಚಿಕಿತ್ಸೆಯನ್ನು ಹಿಡಿಯುವುದು ಅದಕ್ಕೆ ಕಷ್ಟ. ಗುಜರಾತ ಮತ್ತು ರಾಜಸ್ಥಾನಗಳ ೧೨ ಹಳ್ಳಿಗಳಲ್ಲಿ ದಲಿತ ಮಕ್ಕಳ ಅನುಭವವನ್ನು ವಿಚಾರಿಸಿ ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿದ್ದು ಇದನ್ನೇ. ಔಷಧ ಕೊಡುವ ರೀತಿ, ಪರೀಕ್ಷಿಸುವಾಗಿನ ಸ್ಪರ್ಶ, ಮಾತಿಗೆ ಕೊಡುವ ವೇಳೆ, ಇಂಥ ಸಣ್ಣ ಸಂಗತಿಗಳಲ್ಲಿ ಭೇದವು ಉಳಿದುಕೊಂಡಿತ್ತು.

೫

ಇನ್ನು ದಂತವೈದ್ಯದ ಕಡೆಗೆ ತಿರುಗೋಣ. ನಮ್ಮ ದೇಶದಲ್ಲಿ ಈ ವಿದ್ಯೆಯ ಕ್ರಮಬದ್ಧ ಶಿಕ್ಷಣ ಈಚಿನದು. ಅಮೆರಿಕದಲ್ಲಿ ಕಲಿತು ಬಂದ ರಫೀಉದ್ದೀನ್ ಅಹಮದರು ೧೯೨೦ರಲ್ಲಿ ಕಲಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ೧೯೩೩ರಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯ ಕಾಲೇಜು ಹುಟ್ಟಿತು. ೧೯೪೮ರಲ್ಲಿ ದಂತವೈದ್ಯರ ಕಾಯದೆ ಬಂದಿತು. ೨೦೨೩ರಲ್ಲಿ ಸಂಸತ್ತು ಅದರ ಸ್ಥಾನಕ್ಕೆ ರಾಷ್ಟ್ರೀಯ ದಂತ ಆಯೋಗದ ಕಾಯದೆಯನ್ನು ಅಂಗೀಕರಿಸಿತು. ಉತ್ತರ ಕನ್ನಡವು ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿದ ಎರಡು ವರ್ಷಗಳಿಗೆ, ೧೯೫೮ರಲ್ಲಿ, ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು ಆರಂಭವಾಯಿತು. ೧೯೬೫ರಲ್ಲಿ ಮಣಿಪಾಲದ ಕಾಲೇಜು. ಮುಂದೆ ಮಂಗಳೂರು, ಧಾರವಾಡಗಳಲ್ಲಿಯೂ ಕಾಲೇಜುಗಳು ತೆರೆದುವು.

ಈ ಕಾಲೇಜುಗಳ ಚಿಕಿತ್ಸಾಲಯಗಳು ಬಡವರಿಗೆ ದೊಡ್ಡ ಆಸರೆ. ಖಾಸಗಿ ವೈದ್ಯರಲ್ಲಿ ತೆರಲಾಗದ ಚಿಕಿತ್ಸೆ ಅಲ್ಲಿ ಕಡಿಮೆ ವೆಚ್ಚದಲ್ಲಿ ದೊರೆಯುತ್ತದೆ. ಅದನ್ನು ಮಾಡುವ ಕೈ ಬಹುಮಟ್ಟಿಗೆ ವಿದ್ಯಾರ್ಥಿಯದು. ಮೂರನೆಯ ವರ್ಷದಿಂದ ಅವನು ರೋಗಿಗಳನ್ನು ನೋಡತೊಡಗುತ್ತಾನೆ. ಇಂತಿಷ್ಟು ಹಲ್ಲು ಕಿತ್ತೆ, ಇಂತಿಷ್ಟು ತುಂಬಿದೆ ಎಂದು ತನ್ನ ಪುಸ್ತಕದಲ್ಲಿ ಬರೆದು ಅಧ್ಯಾಪಕರ ಸಹಿ ಪಡೆಯಬೇಕಾಗುತ್ತದೆ. ಮುಂದೆ ಕುಳಿತ ರೋಗಿಯ ಹಲ್ಲು ಒಂದು ಕಡೆ, ತನ್ನ ಪುಸ್ತಕದಲ್ಲಿ ಬರಿದಾಗಿರುವ ಸಾಲು ಇನ್ನೊಂದು ಕಡೆ. ಪರೀಕ್ಷೆ ಹತ್ತಿರ ಬಂದಾಗ ಈ ಎರಡರ ನಡುವೆ ನ್ಯಾಯ ಕಾಯುವುದು ಇಪ್ಪತ್ತೊಂದು ಇಪ್ಪತ್ತೆರಡರ ಹರೆಯದವರಿಗೆ ಸುಲಭವಲ್ಲ.

ಈ ಒತ್ತಡದ ನಡುವೆ, ಕುಮಟೆಯ ಕಡೆಯ ಹಳ್ಳಿಯಿಂದ ಮುಂಜಾನೆಯ ಬಸ್ಸು ಹಿಡಿದು, ನೂರೈವತ್ತು ಕಿಲೋಮೀಟರಿನಷ್ಟು ದೂರ ಬಂದು, ಮಣಿಪಾಲದಂಥ ಊರಿನ ಚಿಕಿತ್ಸಾಲಯದ ಸಾಲಿನಲ್ಲಿ ಕುಳಿತ ಹೆಂಗಸೊಬ್ಬಳನ್ನು ಊಹಿಸಿಕೊಳ್ಳೋಣ. ಕೊರಳ ತುಂಬ ಮಣಿಸರ. ಹಲ್ಲಿನ ಮೇಲೆ ಕವಳದ ಕೆಂಪು. ಹಲ್ಲನ್ನು ಉಳಿಸಬಹುದು, ಅದಕ್ಕೆ ಅವಳು ಇನ್ನೆರಡು ಮೂರು ಸಲ ಬರಬೇಕು. ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ವಾಕ್ಯ ಮೂಡುತ್ತದೆ: ಇವರು ಮತ್ತೆ ಬರುವುದಿಲ್ಲ. ಅರ್ಧದಲ್ಲಿ ಬಿಟ್ಟ ಚಿಕಿತ್ಸೆಗಿಂತ ಕಿತ್ತುಬಿಡುವುದೇ ಲೇಸು ಎಂದು ಅವನಿಗೆ ತೋರುತ್ತದೆ. ಇದರಲ್ಲಿ ದುರುದ್ದೇಶವಿಲ್ಲ; ಕನಿಕರವೂ ಇರಬಹುದು.

ನಮ್ಮ ವಿಷಯದ ತಿರುಳು ಈ ಒಂದು ವಾಕ್ಯದಲ್ಲಿದೆ. ಅದು ಸುಳ್ಳೆಂದು ಹೇಳುವಂತಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ವೆಚ್ಚ ಬೀಳುತ್ತದೆ, ಮಳೆಗಾಲದ ನಾಟಿಯ ದಿನಗಳಲ್ಲಿ ಮನೆ ಬಿಡುವಂತಿಲ್ಲ. ಎಷ್ಟೋ ಮಂದಿ ಮರಳಿ ಬರದಿರುವುದು ನಿಜವೇ. ಹಾಗಾದರೆ ಅದು ವಿವೇಕವೋ ಪೂರ್ವಗ್ರಹವೋ? ಇದನ್ನು ತೂಗಿ ನೋಡಲು ಒಂದೇ ಒರೆಗಲ್ಲು ಸಾಕು: ಆ ಮಾತನ್ನು ರೋಗಿಯನ್ನು ಕೇಳಿ ತಿಳಿದದ್ದೆ, ಅಥವಾ ರೋಗಿಯ ಪರವಾಗಿ ವೈದ್ಯನೇ ಹೇಳಿಕೊಂಡದ್ದೆ? ಅಮ್ಮಾ, ಇನ್ನು ಮೂರು ಸಲ ಬರಲು ಆದೀತೆ ಎಂದು ಕೇಳಿ, ಆಗದು ಎಂಬ ಉತ್ತರ ಬಂದರೆ ಅದು ರೋಗಿಯ ಪರಿಸ್ಥಿತಿಯನ್ನು ಕುರಿತ ಮಾಹಿತಿ. ಕೇಳದೆಯೇ ಇವರು ಬರುವುದಿಲ್ಲ ಎಂದರೆ ಅದು ೧೮೮೩ರ ಕಂಡಿಕೆಯ ಧಾಟಿ. ಇವಳು ಎನ್ನುವ ಕಡೆ ಇವರು ಎಂಬ ಬಹುವಚನ ಬಂದಾಗಲೇ ಎಚ್ಚರಗೊಳ್ಳಬೇಕು. ಆ ಬಹುವಚನವು ಗೌರವದ್ದಲ್ಲ, ಗುಂಪಿನದು.

ಕವಳದ ಕಲೆಯ ವಿಚಾರವೂ ಹೀಗೆಯೇ. ಅಡಕೆ ಈ ಜಿಲ್ಲೆಯ ಮುಖ್ಯ ಬೆಳೆ. ತೋಟದ ಯಜಮಾನನೂ ತೋಟದ ಆಳೂ ಕವಳ ಹಾಕಿದವರೇ. ಮನೆಗೆ ಬಂದವರಿಗೆ ಕವಳದ ತಟ್ಟೆ ಇಡುವುದು ಇಲ್ಲಿಯ ಸತ್ಕಾರ. ಆದರೂ ಒಂದೇ ಕೆಂಪು ಎರಡು ಬಾಯಲ್ಲಿ ಎರಡು ಅರ್ಥ ಪಡೆಯಬಲ್ಲದು: ಒಬ್ಬನಲ್ಲಿ ಅದು ಹಿರಿಯರ ಕಾಲದ ರೂಢಿ, ಇನ್ನೊಬ್ಬಳಲ್ಲಿ ಹಲ್ಲಿನ ಬಗೆಗಿನ ಅಲಕ್ಷ್ಯ. ವೈದ್ಯನು ಈ ಕಲೆಯನ್ನು ಗಮನಿಸಲೇಬೇಕು. ಅಡಕೆಯು ಸ್ವತಃ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾರಿದೆ. ಆದುದರಿಂದ ಕಲೆಯಿರುವ ಎಲ್ಲ ಬಾಯಿಗಳನ್ನೂ ಸಮಾನ ಎಚ್ಚರದಿಂದ ಪರೀಕ್ಷಿಸತಕ್ಕದ್ದು. ಯಜಮಾನನ ಬಾಯಲ್ಲಿ ಅದನ್ನು ಮನ್ನಿಸಿದರೆ ರೋಗ ತಪ್ಪಿಹೋದೀತು. ಆಳಿನ ಬಾಯಲ್ಲಿ ಅದನ್ನೇ ಗುಣದೋಷವೆಂದು ಓದಿದರೆ ಹಲ್ಲು ಹೋದೀತು. ಪೂರ್ವಗ್ರಹದಿಂದ ಇಬ್ಬರಿಗೂ ನಷ್ಟ.

೬

ಪೂರ್ವಗ್ರಹವು ಯಾವಾಗಲೂ ನಿಂದೆಯ ರೂಪದಲ್ಲಿಯೇ ಬರುವುದಿಲ್ಲ. ಹೊಗಳಿಕೆಯ ರೂಪದಲ್ಲಿಯೂ ಬರುತ್ತದೆ. ನಮ್ಮ ಜಿಲ್ಲೆಯ ಸಿದ್ದಿಗಳ ಈಚಿನ ಚರಿತ್ರೆಯಲ್ಲಿ ಇದಕ್ಕೆ ನಿದರ್ಶನವುಂಟು. ೧೯೮೦ರ ದಶಕದ ಕೊನೆಯ ಭಾಗದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರ ಅಡಿಯಲ್ಲಿ ಸಿದ್ದಿ ಹುಡುಗ ಹುಡುಗಿಯರನ್ನು ಓಟ ಮೊದಲಾದ ಸ್ಪರ್ಧೆಗಳಿಗೆ ಆಯ್ದು ತರಬೇತಿ ಕೊಟ್ಟಿತು. ಆಫ್ರಿಕದ ರಕ್ತವಿರುವವರು ಹುಟ್ಟಾ ಓಟಗಾರರು ಎಂಬ ನಂಬಿಕೆ ಅದರ ಹಿಂದೆ ಇತ್ತು. ಕೆಲವರು ಪದಕಗಳನ್ನು ಗೆದ್ದರು. ಕೆಲವರಿಗೆ ನೌಕರಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಯೋಜನೆಯು ನಿಂತುಹೋದಾಗ ಉಳಿದವರು ಕಾಡಿಗೆ ಮರಳಿದರು. ಆ ಮಕ್ಕಳ ಓದು, ಒಲವು, ಮನೆಯ ಪರಿಸ್ಥಿತಿಗಳಿಗಿಂತ ಅವರ ಮೈಕಟ್ಟೇ ಮುಂದಾಗಿ ಕಂಡಿತ್ತು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು ೨೦೦೩ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ರಾಜ್ಯದ ವಿಧಾನಪರಿಷತ್ತಿನ ಸದಸ್ಯರಾದದ್ದು ೨೦೨೦ರಲ್ಲಿ.

ಗಟ್ಟಿ ಮೈಯ ಜನ ಎಂಬ ಹೊಗಳಿಕೆ ಚಿಕಿತ್ಸೆಗೆ ಬಂದಾಗ ಅಪಾಯಕಾರಿಯಾಗುತ್ತದೆ. ಗಟ್ಟಿ ಮೈಯವರಿಗೆ ನೋವು ಕಡಿಮೆ ಎಂಬುದು ಅದರ ಮುಂದಿನ ಮೆಟ್ಟಲು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ೨೨೨ ಮಂದಿ ಬಿಳಿಯ ವೈದ್ಯವಿದ್ಯಾರ್ಥಿಗಳನ್ನೂ ತರಬೇತಿಯಲ್ಲಿದ್ದ ಕಿರಿಯ ವೈದ್ಯರನ್ನೂ ಪ್ರಶ್ನಿಸಲಾಗಿತ್ತು. ಕರಿಯರ ಚರ್ಮ ದಪ್ಪ ಎಂಬ ಬಗೆಯ ತಪ್ಪು ಕಲ್ಪನೆಗಳಲ್ಲಿ ಒಂದನ್ನಾದರೂ ಅವರಲ್ಲಿ ಅರ್ಧದಷ್ಟು ಜನ ಒಪ್ಪಿದ್ದರು. ಹಾಗೆ ಒಪ್ಪಿದವರು ಕರಿಯ ರೋಗಿಯ ನೋವನ್ನು ಕಡಿಮೆಯೆಂದು ಎಣಿಸಿದರು. ಅವರು ಸೂಚಿಸಿದ ಚಿಕಿತ್ಸೆಯಲ್ಲಿಯೂ ಅದಕ್ಕೆ ತಕ್ಕಂತೆ ತಪ್ಪುಗಳಾದುವು. ಇವರು ಅಜ್ಞಾನಿಗಳಲ್ಲ, ಶರೀರಶಾಸ್ತ್ರವನ್ನು ಓದಿದವರು. ಪಾಠವು ಒಂದು ಕೋಣೆಯಲ್ಲಿಯೂ ಜಗುಲಿಯ ಮಾತು ಇನ್ನೊಂದು ಕೋಣೆಯಲ್ಲಿಯೂ ಒಂದೇ ತಲೆಯೊಳಗೆ ಜಗಳವಿಲ್ಲದೆ ಬಾಳಬಲ್ಲವೆಂಬುದು ಇದರಿಂದ ತಿಳಿದುಬರುತ್ತದೆ. ದಂತಚಿಕಿತ್ಸೆಯಲ್ಲಿ ನೋವಿನ ಪ್ರಶ್ನೆ ಪ್ರತಿದಿನದ್ದು. ಮರಗಟ್ಟಿಸುವ ಮದ್ದು ಇನ್ನೂ ಬೇಕೆ, ಸ್ವಲ್ಪ ಕಾಯಬೇಕೆ ಎಂಬುದನ್ನು ರೋಗಿಯ ಮಾತಿನಿಂದಲೇ ತಿಳಿಯಬೇಕು. ಅವನ ಕುಲದ ಕೀರ್ತಿಯಿಂದ ಅಲ್ಲ.

೭

ಮೇಲಿನ ವಿವೇಚನೆಯಿಂದ ಹೊರಡುವ ಸಾರಾಂಶವಿಷ್ಟು. ನಮ್ಮ ನಾಡಿನಲ್ಲಿ ಚಿಕಿತ್ಸೆಯ ಭೇದವು ಮೊದಲು ಬಾಗಿಲಿನಲ್ಲಿ ನಿಂತಿತ್ತು; ಕಾಯದೆಯು ಅದನ್ನು ಅಲ್ಲಿಂದ ಎಬ್ಬಿಸಿತು. ಎದ್ದ ಭೇದವು ಊರು ಬಿಟ್ಟು ಹೋಗಲಿಲ್ಲ. ಒಳಗೆ ಬಂದು ವೈದ್ಯನ ನಿರ್ಣಯದ ಪಕ್ಕದಲ್ಲಿ ಕುಳಿತುಕೊಂಡಿತು. ಅಲ್ಲಿ ಅದು ಅಸಹ್ಯದ ಮಾತನ್ನಾಡುವುದಿಲ್ಲ. ಬರುವುದಿಲ್ಲ, ತಿಳಿಯುವುದಿಲ್ಲ, ಬೇಕಿಲ್ಲ, ನೋವಾಗುವುದಿಲ್ಲ ಎಂದು ಅನುಭವಿಯ ದನಿಯಲ್ಲಿ ಸಲಹೆ ಕೊಡುತ್ತದೆ. ಸಲಹೆಯು ಅರ್ಧ ನಿಜವಾಗಿರುವುದರಿಂದಲೇ ಅದನ್ನು ಗುರುತಿಸುವುದು ಕಷ್ಟ.

ಹೀಗಿರುವಾಗ ವಿದ್ಯಾರ್ಥಿಗಳಿಗೆ ಭೇದವೆಣಿಸಬೇಡಿರಿ ಎಂದು ಉಪದೇಶಿಸಿದರೆ ಸಾಲದು; ತಾನು ಭೇದವೆಣಿಸುವವನೆಂದು ಯಾರೂ ತಿಳಿದಿರುವುದಿಲ್ಲ. ಅಭ್ಯಾಸದಿಂದ ಬಂದುದನ್ನು ಅಭ್ಯಾಸದಿಂದಲೇ ತಿದ್ದಬೇಕು. ರೋಗಿಯ ಚೀಟಿಯಲ್ಲಿ ಹಲ್ಲಿನ ಸ್ಥಿತಿಯೊಡನೆ ಇನ್ನೆರಡು ಸಾಲುಗಳನ್ನು ಬರೆಯುವ ಪದ್ಧತಿಯನ್ನು ಕಾಲೇಜುಗಳು ರೂಢಿಸಬಹುದು: ಯಾವ ಯಾವ ಚಿಕಿತ್ಸೆಗಳನ್ನು ರೋಗಿಗೆ ತಿಳಿಸಲಾಯಿತು, ಮತ್ತು ರೋಗಿಯು ಏನೆಂದು ಉತ್ತರಿಸಿದನು. ಹಲ್ಲನ್ನು ಕೀಳುವ ನಿರ್ಣಯವನ್ನು ಸಹಿಗೆ ತಂದಾಗ, ಅಧ್ಯಾಪಕರು ಹೆಸರನ್ನೂ ಮುಖವನ್ನೂ ಬದಿಗಿರಿಸಿ ಕ್ಷಕಿರಣದ ಚಿತ್ರವನ್ನು ಮಾತ್ರ ನೋಡಿ, ಇದನ್ನು ಉಳಿಸಬಹುದೆ ಎಂದು ಮೊದಲು ಕೇಳಬಹುದು. ದೂರದಿಂದ ಬಂದವರಿಗೆ ಸಾಧ್ಯವಾದಷ್ಟು ಕೆಲಸವನ್ನು ಒಂದೇ ಭೇಟಿಯಲ್ಲಿ ಮುಗಿಸುವ ಏರ್ಪಾಡು ಮಾಡಿದರೆ, ಬರುವುದಿಲ್ಲ ಎಂಬ ಮಾತಿನ ನಿಜವಾದ ಅರ್ಧವೂ ಕರಗುತ್ತದೆ. ಇವುಗಳಿಗೆ ಹೆಚ್ಚಿನ ಹಣ ಬೇಕಿಲ್ಲ.

ಇತಿಹಾಸದ ಅಭ್ಯಾಸಿಗಳಿಗೂ ಇದರಲ್ಲಿ ಕೆಲಸವುಂಟು. ೧೮೮೩ರ ಸಂಪುಟದಲ್ಲಿ ಈ ಕರಾವಳಿಯ ಜನರನ್ನು ಕುರಿತು ಅಧಿಕಾರಿಗಳು ಹೇಳಿದ್ದು ಮಾತ್ರ ಇದೆ. ಜನರು ಹೇಳಿದ್ದು ಇಲ್ಲ. ಇಂದಿನ ಚಿಕಿತ್ಸಾಲಯದ ಚೀಟಿಗಳು ನಾಳೆಯ ಆಕರಗಳು. ಅವುಗಳಲ್ಲಿ ರೋಗಿಯ ಉತ್ತರಕ್ಕೂ ಒಂದು ಸಾಲಿನ ಜಾಗವಿದ್ದರೆ, ಮುಂದೆ ಭಟ್ಕಳ, ಹೊನ್ನಾವರ, ಕುಮಟೆಗಳ ಚರಿತ್ರೆಯನ್ನು ಬರೆಯುವವರು ಆ ಹೆಂಗಸು ಮತ್ತೆ ಬರಲು ಸಿದ್ಧಳಿದ್ದಳೋ ಇಲ್ಲವೋ ಎಂಬುದನ್ನು ಅವಳ ಮಾತಿನಿಂದಲೇ ತಿಳಿಯುವರು. ಅವಳ ಹಲ್ಲು ಉಳಿದಿರುವ ಸಂಭವವೂ ಆಗ ಹೆಚ್ಚು.